ರಾಗಿ ಸೀಮೆಯವರ ಶುಗರ್: ಮಾತ್ರೆ ಬಿಡುವ ಹಂತಕ್ಕೆ ಹೋಗುವುದು ಹೇಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಶುಗರ್ ಬಂತು ಅಂದ ಕೂಡಲೇ ಸಿಗುವ ಸಲಹೆ: ಅನ್ನ ಬಿಡಿ, ಮುದ್ದೆ ಉಣ್ಣಿ. ಇದು ಅರ್ಧ ಮಾತ್ರ ಸರಿ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ 65–70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನುಣ್ಣಗೆ ಬೀಸಿ, ಬೇಯಿಸಿ, ಅಗಿಯದೆ ನುಂಗುವ ಮುದ್ದೆ ಬೇಗ ಅರಗುತ್ತದೆ. ಎರಡು ದೊಡ್ಡ ಮುದ್ದೆ ಉಂಡರೆ ಶುಗರ್ ಏರಿಯೇ ಏರುತ್ತದೆ.

ಮಾತ್ರೆ, ಇನ್ಸುಲಿನ್ ನಿಲ್ಲಿಸಿ ಕನಿಷ್ಠ 3 ತಿಂಗಳಾದ ಮೇಲೂ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಅದನ್ನು ರೆಮಿಷನ್ ಅನ್ನುತ್ತಾರೆ. ಕಾಯಿಲೆ ಬೇರು ಸಮೇತ ಹೋಯಿತು ಅಂತ ಅಲ್ಲ, ಅಡಗಿದೆ ಅಂತ. ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಟೈಪ್ 2 ಶುಗರಿನಲ್ಲಿ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಕೂತ ಕೊಬ್ಬು ಕರಗಿದರೆ ಇನ್ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡಬಲ್ಲದು; ಅದಕ್ಕೇ ತೂಕದ ಮೇಲೆ ಇಷ್ಟು ಒತ್ತು. 2017ರಲ್ಲಿ ಹೊರಬಂದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಇದ್ದವರೆಲ್ಲ ಕಾಯಿಲೆ ಬಂದು 6 ವರ್ಷ ದಾಟದವರು, ಇನ್ಸುಲಿನ್ ತೆಗೆದುಕೊಳ್ಳದವರು. ತೂಕ ಇಳಿಸುವ ಗುಂಪಿನಲ್ಲಿ ಒಂದು ವರ್ಷಕ್ಕೆ 46% ಜನ ರೆಮಿಷನ್ ತಲುಪಿದರು, 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ 86%. ಅವರು ಮೊದಲ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 850 ಕ್ಯಾಲರಿಯ ದ್ರವಾಹಾರದಲ್ಲಿದ್ದರು. ಅದನ್ನು ಡಾಕ್ಟರ್ ಕಣ್ಗಾವಲಿಲ್ಲದೆ ಮನೆಯಲ್ಲಿ ಮಾಡಬೇಡಿ.

ಊಟ ತಗ್ಗಿಸುವ ಮೊದಲೇ ಮಾತ್ರೆಯ ಚೀಟಿ ಹಿಡಿದು ಡಾಕ್ಟರನ್ನು ಕಾಣಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಹಳೇ ಡೋಸಿನಲ್ಲೇ ಇದ್ದು ಊಟ ಅರ್ಧವಾದರೆ ಲೋ ಶುಗರ್ ಆಗುತ್ತದೆ: ಬೆವರು, ಕೈ ನಡುಕ, ಮಂಕು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಏಕಾದಶಿ ಉಪವಾಸಕ್ಕೂ ಡಾಕ್ಟರನ್ನು ಕೇಳಲೇಬೇಕು. ಶುಗರ್ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಊಟ, ತೂಕ ಇಳಿದಂತೆ ಹಳೇ ಡೋಸಿನ ಬಿ.ಪಿ. ಮಾತ್ರೆಯೂ ಜಾಸ್ತಿಯಾಗಿ ಎದ್ದಾಗ ತಲೆ ತಿರುಗಬಹುದು. ಶುಗರ್ ದಿಢೀರ್ ಇಳಿದರೆ ಹಳೇ ಕಣ್ಣಿನ ತೊಂದರೆ ಕೆಲವರಲ್ಲಿ ಕೆರಳುತ್ತದೆ, ಆದ್ದರಿಂದ ಮೊದಲು ಕಣ್ಣಿನ ಪರೀಕ್ಷೆ. ಗರ್ಭಿಣಿಯರು, ಮೂತ್ರಪಿಂಡ ತೊಂದರೆಯವರು, ತಾನಾಗಿಯೇ ತೂಕ ಇಳಿಯುತ್ತಿರುವವರಿಗೆ ಈ ದಾರಿ ಅಲ್ಲ.

ಇನ್ನು ತಟ್ಟೆ. ಬಸ್ಸಾರು ಮಾಡಿದ ದಿನ ನೋಡಿ: ಬೇಯಿಸಿದ ಸೊಪ್ಪು, ಹುರುಳಿಕಾಳು ಬಸಿದು ಪಲ್ಯಕ್ಕೆ ಹೋಗುತ್ತದೆ, ಕಟ್ಟು ಸಾರಾಗುತ್ತದೆ. ನಾರು, ಪ್ರೋಟೀನ್ ಹೆಚ್ಚಿನದು ಆ ಪಲ್ಯದಲ್ಲೇ ಇದೆ, ನಾವು ಮಾತ್ರ ಅದನ್ನು ತಟ್ಟೆ ಅಂಚಿಗೆ ಒಂದಿಷ್ಟು ಇಟ್ಟು ಸಾರಲ್ಲಿ ಮುದ್ದೆ ಮುಳುಗಿಸುತ್ತೇವೆ. ಇದನ್ನು ತಿರುಗಿಸಿ. ಮೊದಲು ಎರಡು ಬಟ್ಟಲು ಪಲ್ಯ, ಬೇಕಾದರೆ ಒಂದು ಮೊಟ್ಟೆ ಅಥವಾ ಮಜ್ಜಿಗೆ. ಕೊನೆಗೆ 40 ಗ್ರಾಂ ಹಿಟ್ಟಿನ ಒಂದೇ ಮುದ್ದೆ. ಹಿಟ್ಟನ್ನು ಒಣಗಿದ್ದಾಗಲೇ ತೂಗಿ, ಕಣ್ಣಳತೆ ಬೇಡ. ಒಗ್ಗರಣೆ ಎಣ್ಣೆ ಒಬ್ಬರಿಗೆ ದಿನಕ್ಕೆ ಮೂರು ಟೀ ಚಮಚ. ತುಮಕೂರಿನವರು ತೆಂಗಿನ ಚಟ್ನಿ ತಗ್ಗಿಸಬೇಕು: 100 ಗ್ರಾಂ ಹಸಿ ಕಾಯಲ್ಲಿ 350 ಕ್ಯಾಲರಿ ಮೇಲಿದೆ. ತಟ್ಟೆ ಇಡ್ಲಿ ಒಂದು ಸಾಕು. ಬೆಲ್ಲವೂ ಸಕ್ಕರೆಯೇ.

ಊಟದ ಮೊದಲು, ಮೊದಲ ತುತ್ತಿನಿಂದ 2 ಗಂಟೆಗೆ, ಹೀಗೆ ಎರಡು ಸಲ ಗ್ಲೂಕೋಮೀಟರ್‌ನಲ್ಲಿ ನೋಡಿ. 180 ದಾಟಿದರೆ ಹಿಟ್ಟು 10 ಗ್ರಾಂ ಇಳಿಸಿ, ಊಟವಾದ ಮೇಲೆ 15 ನಿಮಿಷ ನಡೆಯಿರಿ. ಶ್ರೀನಿವಾಸಪುರದ ಮಾವು ಬಂದಾಗ ಒಂದು ಎಚ್ಚರ: ಬೆರಳಿಗೆ ಅಂಟಿದ ರಸವೇ ಶುಗರನ್ನು ಸುಳ್ಳೇ ಏರಿಸಿ ತೋರಿಸುತ್ತದೆ. ಸೋಪಿನಲ್ಲಿ ತೊಳೆದು, ಒರೆಸಿ, ಆಮೇಲೆ ಚುಚ್ಚಿ.

ತೂಕ ವಾರಕ್ಕೊಮ್ಮೆ ಬೆಳಿಗ್ಗೆ, ಸೊಂಟ ತಿಂಗಳಿಗೊಮ್ಮೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಎಚ್‌ಬಿಎ1ಸಿ 3 ತಿಂಗಳಿಗೊಮ್ಮೆ, ಜೊತೆಗೆ ಹಿಮೋಗ್ಲೋಬಿನ್. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಮಾತ್ರೆ ನಿಂತ ಮೇಲೂ ಕಣ್ಣು, ಮೂತ್ರ, ಪಾದದ ಪರೀಕ್ಷೆ ವರ್ಷಕ್ಕೊಮ್ಮೆ ಇರಲಿ. ಎರಡು ಕೆ.ಜಿ. ಮರಳಿ ಏರಿತೋ, ಅದೇ ವಾರ ತಕ್ಕಡಿ ಹೊರಗೆ ತೆಗೆದು ಹಿಟ್ಟು ತೂಗಲು ಶುರುಮಾಡಿ.