ಪಾಳಿ ಒಪ್ಪಿಸುವುದನ್ನು ಸೂಪರ್‌ವೈಸರ್‌ಗಳಿಗೆ ಕಲಿಸುವುದು ಹೇಗೆ?

ಮಧ್ಯಾಹ್ನ ಎರಡರ ಸೈರನ್ ಕೂಗಿತೋ ಇಲ್ಲವೋ, ಬೆಳಗಿನ ಪಾಳಿಯವನು ಬೈಕಿಗೆ ಕಿಕ್ ಹೊಡೆಯುತ್ತಲೇ "ಎಲ್ಲಾ ಆರಾಮೈತಿ, ನೋಡ್ಕೊಳ್ಳಣ್ಣ" ಅಂದುಬಿಡುತ್ತಾನೆ. ದಾವಣಗೆರೆ, ಹರಿಹರದ ಮಿಲ್ಲುಗಳಲ್ಲಿ ನಾನು ಕಂಡ ಪಾಳಿ ಬದಲಾವಣೆ ಬಹುಪಾಲು ಇಷ್ಟೇ. ಇದನ್ನು ತಿದ್ದಲು ಹೋಟೆಲ್ ಹಾಲ್‌ನಲ್ಲಿ ನಾಯಕತ್ವದ ಭಾಷಣ ಬೇಡ. ಮಷಿನ್ ಪಕ್ಕದಲ್ಲೇ ಕಲಿಸಿ.

ಮೊದಲು ಸಮಯ. ಬರುವವನು 1.50ಕ್ಕೇ ಬರಬೇಕು, ಆ ಹತ್ತು ನಿಮಿಷಕ್ಕೆ ಸಂಬಳ ಕೊಡಬೇಕು.

ಆಮೇಲೆ ಪಾಳಿಯ ಪುಸ್ತಕ. ಯಾವುದು ನಿಂತಿದೆ, ಯಾವುದು ಅರ್ಧ ಬಿಚ್ಚಿದೆ, ಯಾವುದನ್ನು ಮುಟ್ಟಬಾರದು ಎಂದು ಬರೆದರೆ ಸಾಕು. ಅರವತ್ತು ಟಿಕ್ ಹಾಕುವ ರೆಡಿಮೇಡ್ ಫಾರಂ ತರಬೇಡಿ, ಎಲ್ಲರೂ ಕ್ಯಾಂಟೀನಿನಲ್ಲಿ ಕೂತು ತುಂಬುತ್ತಾರೆ. ವಾಟ್ಸಾಪ್ ಗ್ರೂಪಿನ ಹೆಬ್ಬೆರಳೂ ಅಷ್ಟೇ. ಬರೀ ಕಾಗದ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಇದೆ. 1988ರ ಜುಲೈ 6ರ ರಾತ್ರಿ ಅಲ್ಲಿ ಸೇಫ್ಟಿ ವಾಲ್ವ್ ಬಿಚ್ಚಿಟ್ಟಿದ್ದ ಪಂಪನ್ನು ಚಾಲೂ ಮಾಡಿದರು. ಆ ರಿಪೇರಿಯ ಪರ್ಮಿಟ್ (ಅನುಮತಿ ಚೀಟಿ) ಬರೆದಿತ್ತು, ಸಂಗತಿ ರಾತ್ರಿ ಪಾಳಿಯವರಿಗೆ ಮುಟ್ಟಿರಲಿಲ್ಲ. 167 ಜನ ಸತ್ತರು.

ಇನ್ನು ಎಲ್ಲರೂ ಎಡವುವ ಜಾಗ: ಮಾತು. ಅಕ್ಕಿ ಮಿಲ್ಲೊಂದರಲ್ಲಿದ್ದಾಗ ನಾನೇ "ನಾಲ್ಕನೇ ಎಲಿವೇಟರ್ ಸ್ವಲ್ಪ ನೋಡ್ಕೋ" ಎಂದು ರಾತ್ರಿ ಪಾಳಿಯವನಿಗೆ ಹೇಳಿ ಮನೆಗೆ ಹೋದೆ. ಎಲಿವೇಟರ್ ಅಂದರೆ ಕಾಳನ್ನು ಬೆಲ್ಟಿನ ಮೇಲೆ ಎತ್ತುವ ಯಂತ್ರ. ಅವನು ರಾತ್ರಿಯೆಲ್ಲ ಬೆಲ್ಟ್ ನೋಡಿದ. ಜಾಮ್ ಆದದ್ದು ಬೇರಿಂಗ್. ಹೇಳಬೇಕಿದ್ದದ್ದು ಹೀಗೆ: "ನಾಲ್ಕನೇ ಎಲಿವೇಟರಿನ ಮೇಲಿನ ಬೇರಿಂಗ್ ಎಂಟು ಗಂಟೆಯಿಂದ ಬಿಸಿ ಐತಿ. ಗ್ರೀಸ್ ಹಾಕೀನಿ. ಹನ್ನೆರಡಕ್ಕೆ ಮತ್ತೆ ಟೆಂಪರೇಚರ್ ಗನ್ ಹಿಡಿ, 70 ಡಿಗ್ರಿ ದಾಟಿದ್ರೆ ನಿಲ್ಸಿ ಫಿಟ್ಟರ್‌ಗೆ ಫೋನ್ ಮಾಡು."

ಹೇಳಿದರೆ ಅರ್ಧ ಕೆಲಸವಷ್ಟೇ. ಕೇಳಿದವನು ಅದನ್ನು ತನ್ನ ಮಾತಲ್ಲಿ ತಿರುಗಿ ಹೇಳಬೇಕು. ಇಲ್ಲೇ ಜಗಳ ಹುಟ್ಟುವುದು. ಇಪ್ಪತ್ತೈದು ವರ್ಷ ಸವೆಸಿದ ಮೇಸ್ತ್ರಿಗೆ, ನಿನ್ನೆ ಬಂದ ಡಿಪ್ಲೊಮಾ ಹುಡುಗ "ಅರ್ಥ ಆಯ್ತಾ?" ಅಂದರೆ ಮುಖ ಕೆಂಪಾಗುತ್ತದೆ. ಅದೇ ಪ್ರಶ್ನೆಯನ್ನು ಮೇಸ್ತ್ರಿ ಹುಡುಗನಿಗೆ ಕೇಳಿದರೆ, ಏನೂ ತಿಳಿಯದಿದ್ದರೂ ಅವನು "ಹ್ಞೂಂ ಅಣ್ಣ" ಅನ್ನುತ್ತಾನೆ. ಆದ್ದರಿಂದ ಆ ಪ್ರಶ್ನೆಯನ್ನೇ ನಿಷೇಧಿಸಿ. "ನಾನು ಏನಾದ್ರೂ ಬಿಟ್ಟೆನೇನೋ, ಒಂದ್ಸಲ ನೀವೇ ಹೇಳಿ ನೋಡೋಣ" ಎಂದು ಕೇಳಲು ಕಲಿಸಿ. ತಪ್ಪಿದ್ದರೆ ಹೇಳಿದವನ ತಲೆ ಮೇಲೆ ಬರುತ್ತದೆ, ಕೇಳಿದವನ ಮಾನ ಉಳಿಯುತ್ತದೆ. ಇಬ್ಬಿಬ್ಬರನ್ನು ನಿಲ್ಲಿಸಿ, ಮಷಿನ್ ಓಡುವ ಸದ್ದಿನಲ್ಲೇ, ವಾರವಿಡೀ ಆಡಿಸಿ. ಮೊದಲೆರಡು ದಿನ ನಗುತ್ತಾರೆ, ನಗಲಿ.

ಹದಿನೈದು ದಿನ ಬಿಟ್ಟು, ಯಾರಿಗೂ ಹೇಳದೆ ರಾತ್ರಿ ಹತ್ತರ ಪಾಳಿಗೆ ಹೋಗಿ ನಿಲ್ಲಿ. ಒಳಗೆ ಬರುವವನ ಬಾಯಿ ಸುಮ್ಮನಿದ್ದು ತಲೆ ಮಾತ್ರ ಅಲ್ಲಾಡುತ್ತಿದ್ದರೆ ಮರುದಿನವೇ ಆ ಜೋಡಿಯನ್ನು ಮತ್ತೆ ಮಷಿನ್ ಪಕ್ಕಕ್ಕೆ ಕರೆಯಿರಿ.