ಸಾಯನ್ ಗುಡ್ಡದ ಕೋಟೆಗೆ ಹೋಗುವುದಾದರೆ

ಮುಂಬೈಯ ಮಾಟುಂಗಾಕ್ಕೆ ಇಡ್ಲಿ ತಿನ್ನಲು ಬರುತ್ತೀರಿ, ಅಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಕ್ಕೂ ಬರುತ್ತೀರಿ. ಅಲ್ಲಿಂದ ಒಂದೇ ಸ್ಟೇಷನ್ ಆಚೆ, ಸಾಯನ್‌ನಲ್ಲಿ, 350 ವರ್ಷ ಹಳೆಯ ಕೋಟೆಯೊಂದು ಗುಡ್ಡದ ಮೇಲೆ ಕೂತಿದೆ. ಟಿಕೆಟ್ ಇಲ್ಲ. ಒಂದು ಬೆಳಿಗ್ಗೆ ಸಾಕು.

ಸಾಯನ್‌ನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಡೊಂಬಿವಲಿ, ಥಾಣೆ ಕಡೆಯವರು ಕುರ್ಲಾದಲ್ಲಿ ಇಳಿದು ಸ್ಲೋ ಗಾಡಿ ಹಿಡಿಯಿರಿ, ಮುಂದಿನದೇ ಸಾಯನ್. ಬೊರಿವಲಿ, ಮಲಾಡ್ ಕಡೆಯವರು ದಾದರಿನಲ್ಲಿ ಬದಲಿಸಬೇಕು. ಪೂರ್ವಕ್ಕೆ ಇಳಿದು ಯಾರನ್ನಾದರೂ ‘ಸಾಯನ್ ಕಿಲ್ಲಾ’ ಎಂದು ಕೇಳಿ. ನಡೆದರೆ ಹತ್ತು ನಿಮಿಷದೊಳಗಿನ ದಾರಿ.

ಇಳಿಯುವಾಗ ಸ್ಟೇಷನ್ನಿನ ಬೋರ್ಡನ್ನು ಒಮ್ಮೆ ನೋಡಿ. ಮರಾಠಿಯಲ್ಲಿ ‘ಶೀವ್’ ಎಂದಿರುತ್ತದೆ. ಶೀವ್ ಅಂದರೆ ಊರಿನ ಎಲ್ಲೆ, ನಮ್ಮ ಸೀಮೆ ಇದ್ದಂತೆ. ಕೋಟೆಯ ಕಥೆಯೆಲ್ಲ ಆ ಒಂದು ಪದದಲ್ಲೇ ಇದೆ. ಈಸ್ಟ್ ಇಂಡಿಯಾ ಕಂಪನಿ ಸರಕಾರದ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ, 1669ರಿಂದ 1677ರ ನಡುವೆ ಇದನ್ನು ಕಟ್ಟಿದರು. ಆಗ ಇಂಗ್ಲಿಷರ ಪರಳ್ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು, ನಡುವೆ ಖಾಡಿಯ, ಅಂದರೆ ಒಳಚಾಚಿದ ಕಡಲಿನ ನೀರು, ಆಚೆ ದಡದ ಸಾಷ್ಟಿ (ಸಾಲ್ಸೆಟ್) ದ್ವೀಪ ಪೋರ್ಚುಗೀಸರದು. ಮುಂದೆ ಮರಾಠರು ಸಾಷ್ಟಿಯನ್ನು ಗೆದ್ದರು, 1739ರಲ್ಲಿ ಉತ್ತರದ ಪೋರ್ಚುಗೀಸ್ ಕೋಟೆ ವಸಾಯಿಯೂ ಅವರ ಕೈಸೇರಿತು. ಅಂದರೆ ಆಚೆ ದಡದ ಒಡೆಯರು ಬದಲಾದರು, ಇಲ್ಲಿನ ಕಾವಲು ಮಾತ್ರ ಹಾಗೇ ಉಳಿಯಿತು. ಊರ ಗಡಿಕಲ್ಲು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬುಡದಲ್ಲಿ ನೆಹರು ಉದ್ಯಾನವಿದೆ, ಪುರಾತತ್ವ ಇಲಾಖೆಯ ಕಚೇರಿಯೂ ಅಲ್ಲೇ. ಮಂಡಿನೋವಿನ ಹಿರಿಯರು ಈ ತೋಟದಲ್ಲೇ ನೆರಳಿಗೆ ಕೂರಬಹುದು. ಆದರೆ ಗುಡ್ಡ ದೊಡ್ಡದಲ್ಲ, ಮೇಲೆ ಹೋಗಲು ಕಾಲು ಗಂಟೆಯೂ ಬೇಡ. ನನ್ನ ಅಮ್ಮ ಅರವತ್ತು ದಾಟಿದವರು, ಮೂರು ಕಡೆ ಕೂತು ಸುಧಾರಿಸಿಕೊಂಡು ಆರಾಮಾಗಿ ಹತ್ತಿದರು. ಮಳೆಗಾಲದಲ್ಲಿ ಮಾತ್ರ ಜಾಗ್ರತೆ, ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಹೋದರೆ ಒಳ್ಳೆಯದು. ಹಿಡಿತ ಇರುವ ಚಪ್ಪಲಿ ಹಾಕಿ, ನೀರು ಕೆಳಗಿನಿಂದಲೇ ತೆಗೆದುಕೊಂಡು ಹೋಗಿ.

ಮೇಲೆ ಅರಮನೆ ಗಿರಮನೆ ಏನೂ ಇಲ್ಲ. ಸೂರಿಲ್ಲದ ಕೋಣೆಗಳು, ಕದವಿಲ್ಲದ ಬಾಗಿಲು, ಕಪ್ಪುಕಲ್ಲಿನ ಗೋಡೆ. ಕಲ್ಲಿನ ಸಂದಿಯಲ್ಲಿ ಗಿಡದ ಬೇರು ಇಳಿದಿದೆ, ಕೆಲವು ಕಡೆ ಗೋಡೆಯನ್ನು ಹಿಡಿದು ನಿಲ್ಲಿಸಿರುವುದೂ ಅದೇ, ಒಡೆಯುತ್ತಿರುವುದೂ ಅದೇ. ಫೋಟೋ ತೆಗೆದು ಐದು ನಿಮಿಷಕ್ಕೆ ಇಳಿದುಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಗಂಟೆ ನಿಂತು ನಾಲ್ಕೂ ದಿಕ್ಕು ನೋಡಿ. ಉತ್ತರಕ್ಕೆ ಕುರ್ಲಾ: ಈಗ ಕಟ್ಟಡ, ಹಳಿ, ರಸ್ತೆ ಇರುವಲ್ಲಿ ಹಿಂದೆ ದೋಣಿ ಓಡಾಡುತ್ತಿದ್ದ ನೀರಿತ್ತು. 1800ರ ಆಸುಪಾಸಿನಲ್ಲಿ ಮುಂಬೈಯ ಇಂಗ್ಲಿಷ್ ಗವರ್ನರ್ ಡಂಕನ್ ಒಡ್ಡು ಕಟ್ಟಿಸಿ ಎರಡು ದಡ ಸೇರಿಸಿದ ಮೇಲೆ ಈ ಎಲ್ಲೆಗೆ ಅರ್ಥವೇ ಉಳಿಯಲಿಲ್ಲ. ಪೂರ್ವಕ್ಕೆ ತಿರುಗಿದರೆ ತ್ರಾಂಬೆ ಬೆಟ್ಟ, ಮಾಹುಲ್‌ನ ಚಿಮಣಿಗಳು, ಉಪ್ಪಿನ ಗದ್ದೆಗಳು. ಕಾವಲುಗಾರ ಇಲ್ಲೇ ಯಾಕೆ ನಿಂತಿದ್ದ ಎಂದು ಮಕ್ಕಳನ್ನು ಕೇಳಿ, ಸುತ್ತ ನೋಡಿ ಅವರೇ ಹೇಳುತ್ತಾರೆ.

ಒಂದು ವಿಷಯ ನನಗೆ ನಿಜಕ್ಕೂ ನೋವು ಕೊಡುತ್ತದೆ. ಕಳೆದ ಸಲ ಕಿಟಕಿಯ ಪಕ್ಕದ ಕಲ್ಲಿನ ಮೇಲೆ ಎರಡು ಹೆಸರು, ನಡುವೆ ಒಂದು ಹೃದಯ, ಮೊಳೆಯಲ್ಲಿ ಕೆರೆದಿದ್ದು ಕಂಡಿತು. ಬೆರಳಿಟ್ಟರೆ ಗೀರಿನಿಂದ ಪುಡಿ ಉದುರಿತು, ಅಷ್ಟು ಹೊಸದು. ನಿಮ್ಮ ಜೊತೆ ಬಂದ ಹುಡುಗರು ಕಲ್ಲು ಮೊಳೆ ಎತ್ತಿಕೊಂಡರೆ ಸುಮ್ಮನಿರಬೇಡಿ, ತಡೆಯಿರಿ. ಮೊಂಡು ಗೋಡೆಗಳ ಮೇಲೆ ಹತ್ತಲೂ ಬಿಡಬೇಡಿ, ಕಲ್ಲು ಸಡಿಲಾಗಿರುತ್ತದೆ. ಚಿಪ್ಸ್ ಪ್ಯಾಕೆಟ್ ಜೇಬಿನಲ್ಲೇ ಕೆಳಗೆ ಬರಲಿ.

ಇಳಿದ ಮೇಲೆ ಹಸಿವು ಇದ್ದೇ ಇರುತ್ತದೆ. ಮಾಟುಂಗಾ ಪೂರ್ವದಲ್ಲಿ ಕೆಫೆ ಮದ್ರಾಸ್, ಮೈಸೂರು ಕೆಫೆ ಎರಡೂ ಇವೆ. ಬಾಳೆ ಎಲೆ ಊಟವೇ ಬೇಕೆಂದರೆ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಹೋಟೆಲು ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲೇ. ಭಾನುವಾರ ಎಲ್ಲ ಕಡೆಯೂ ಕ್ಯೂ ಉದ್ದ, ಬೇಗ ಹತ್ತಿ ಒಂಬತ್ತರೊಳಗೆ ಗುಡ್ಡ ಇಳಿದುಬಿಡಿ.