ಪದೇ ಪದೇ ಮುಚ್ಚಿಕೊಳ್ಳುತ್ತಿದ್ದ ಬ್ರೌಸರ್: ನನ್ನ ಅನುಭವ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಸಮೀಪದಲ್ಲಿ ನಾನೊಂದು ಸಣ್ಣ ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಪಹಣಿ ತೆಗೆದುಕೊಡುವುದರಿಂದ ಹಿಡಿದು ವಿದ್ಯಾರ್ಥಿವೇತನದ ಅರ್ಜಿ ತುಂಬುವವರೆಗೆ ಇಲ್ಲಿನ ಕೆಲಸವೆಲ್ಲ ನಡೆಯುವುದು ಬ್ರೌಸರಿನಲ್ಲೇ. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳತೊಡಗಿತು. ಬೆಳಿಗ್ಗೆ ಅಂಗಡಿ ತೆರೆದಾಗ ಸರಿಯಾಗಿಯೇ ಇರುತ್ತಿದ್ದ ಅದು, ಗೂಡು ಮಾರಿದ ರೈತರು ಬಂದು ಸೇರುವ ಹನ್ನೊಂದು ಗಂಟೆಯ ಹೊತ್ತಿಗೆ ಸರಿಯಾಗಿ ಕೈಕೊಡುತ್ತಿತ್ತು. "ಏನಪ್ಪಾ, ಮೂರನೇ ಸಲ ಓಟಿಪಿ ಕೇಳ್ತಾ ಇದ್ದೀಯ, ನನ್ ಫೋನೇ ಕೆಟ್ಟೋಗಿದ್ಯಾ?" ಎಂದು ಹಿರಿಯರೊಬ್ಬರು ಕೇಳಿದ ದಿನ, ಇದರ ಮೂಲವನ್ನು ಹುಡುಕಲೇಬೇಕೆಂದು ಕುಳಿತೆ.

ಒಂದು ಟ್ಯಾಬ್ ಮಾತ್ರ ಕುಸಿಯುವುದೂ ಇಡೀ ಬ್ರೌಸರ್ ಮುಚ್ಚಿಕೊಳ್ಳುವುದೂ ಒಂದೇ ಅಲ್ಲ. ಈಗಿನ ಬ್ರೌಸರುಗಳು ಪುಟಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಲ್ಲಿ ನಡೆಸುವುದರಿಂದ ಒಂದು ಪುಟ ಬಿದ್ದರೂ ಉಳಿದವು ನಿಲ್ಲಬೇಕು. ನನ್ನಲ್ಲಿ ಎರಡೂ ಆಗುತ್ತಿದ್ದವು. ಶಿಫ್ಟ್ ಕೀ ಒತ್ತಿಹಿಡಿದು ಫೈರ್‌ಫಾಕ್ಸ್ ತೆರೆದು, ಬ್ರೌಸರಿಗೆ ಸೇರಿಸಿಕೊಂಡ ಹೆಚ್ಚುವರಿ ಸಾಧನಗಳಾದ ಆಡ್‌ಆನ್‌ಗಳಿಲ್ಲದ ಟ್ರಬಲ್‌ಶೂಟ್ ಮೋಡ್‌ನಲ್ಲಿ ಒಂದು ದಿನ ಕೆಲಸ ಮಾಡಿದೆ. ಸಂಜೆಯೊಳಗೆ ಎರಡು ಸಲ ಬಿತ್ತು. ಆ ಮೋಡ್‌ನಲ್ಲಿ, ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಹಾರ್ಡ್‌ವೇರ್ ಆಕ್ಸಿಲರೇಶನ್ ಕೂಡ ಬಂದ್ ಆಗಿರುತ್ತದೆ, ಆದ್ದರಿಂದ ಗ್ರಾಫಿಕ್ಸ್ ಡ್ರೈವರಿನ ಮೇಲಿದ್ದ ಅನುಮಾನವೂ ತಗ್ಗಿತು. ಕೊನೆಗೆ ಫೈರ್‌ಫಾಕ್ಸನ್ನೇ ಹೊಸದರಂತೆ ಮಾಡುವ ರಿಫ್ರೆಶ್ ಆಯ್ಕೆಯನ್ನು ಬಳಸಿದೆ. ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು ಉಳಿದವು, ಆಡ್‌ಆನ್‌ಗಳು ಹೋದವು, ತೊಂದರೆ ಮಾತ್ರ ಹೋಗಲಿಲ್ಲ.

ಮೊದಲೇ ನೋಡಬೇಕಾಗಿದ್ದದ್ದನ್ನು ನಾನು ಕೊನೆಗೆ ನೋಡಿದೆ. ವಿಳಾಸದ ಜಾಗದಲ್ಲಿ ಅಬೌಟ್, ಕೋಲನ್, ಕ್ರ್ಯಾಶಸ್ ಎಂದು ನಡುವೆ ಜಾಗ ಬಿಡದೆ (about:crashes) ಟೈಪ್ ಮಾಡಿದರೆ ಹಿಂದಿನ ಕುಸಿತಗಳ ಪಟ್ಟಿ ಬರುತ್ತದೆ. ಫೈರ್‌ಫಾಕ್ಸ್ ತಯಾರಕರಿಗೆ ಕಳುಹಿಸಿದ ಕುಸಿತದ ವರದಿಯನ್ನು ತೆರೆದರೆ ಸಿಗ್ನೇಚರ್ ಎಂಬ ಸಾಲಿನಲ್ಲಿ ಪ್ರೋಗ್ರಾಂ ಎಲ್ಲಿ ಬಿತ್ತೆಂಬ ಸುಳಿವು ಇರುತ್ತದೆ. ಏಳು ವರದಿಗಳನ್ನು ತೆರೆದು ಆ ಸಾಲುಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದುಕೊಂಡೆ. ಒಂದಕ್ಕೊಂದು ಹೋಲಿಕೆಯೇ ಇರಲಿಲ್ಲ. ಸಾಫ್ಟ್‌ವೇರಿನ ದೋಷ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತದೆ. ಪ್ರತಿ ಸಲವೂ ಹೊಸ ಜಾಗದಲ್ಲಿ ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಅನ್ನು. ಮೆಮೊರಿಯಲ್ಲಿ ಬರೆದಿಟ್ಟ ಒಂದು ವಿಳಾಸದ ಒಂದೇ ಬಿಟ್ (ಸೊನ್ನೆ ಅಥವಾ ಒಂದು) ತಿರುವುಮುರುವಾದರೂ ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈಹಾಕುತ್ತದೆ, ವಿಂಡೋಸ್ ಅದನ್ನು ಅಲ್ಲಿಯೇ ನಿಲ್ಲಿಸುತ್ತದೆ. ಕ್ರೋಮ್ ಹಾಕಿ ನೋಡಿದಾಗ ಅದರ ಪುಟಗಳೂ ಕುಸಿದದ್ದರಿಂದ ಅನುಮಾನ ಗಟ್ಟಿಯಾಯಿತು.

ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಅನ್ನು ಮೊದಲು ಓಡಿಸಿದೆ. ಅದರ ಸಾಮಾನ್ಯ ಪರೀಕ್ಷೆ ಏನೂ ತಪ್ಪಿಲ್ಲವೆಂದಿತು, ನಾನು ಅದನ್ನು ನಂಬಿ ಇನ್ನೊಂದು ದಿನ ಹಾಳುಮಾಡಿಕೊಂಡೆ. ಆಮೇಲೆ ಪೆನ್‌ಡ್ರೈವ್‌ನಿಂದ ಬೂಟ್ ಆಗಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ, ರಾತ್ರಿಯಿಡೀ ಓಡಲು ಬಿಟ್ಟು ಬಾಗಿಲು ಹಾಕಿಕೊಂಡು ಹೋದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಪರೀಕ್ಷಿಸುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಪರದೆಯ ತುಂಬ ಕೆಂಪು ಸಾಲುಗಳಿದ್ದವು, ದೋಷದ ವಿಳಾಸಗಳೆಲ್ಲ ಹತ್ತಿರ ಹತ್ತಿರದವೇ ಆಗಿದ್ದವು. ಬೆಳಗಿನ ಹೊತ್ತು ಬ್ರೌಸರ್ ಏಕೆ ಸುಮ್ಮನಿರುತ್ತಿತ್ತೆಂಬುದು ಆಗ ಹೊಳೆಯಿತು: ಇಪ್ಪತ್ತು ಟ್ಯಾಬ್ ತೆರೆದು ಮೆಮೊರಿ ತುಂಬಿದಾಗಲೇ ಆ ಕೆಟ್ಟ ಜಾಗ ಬಳಕೆಗೆ ಬರುತ್ತಿದ್ದದ್ದು.

ಕಂಪ್ಯೂಟರಿನಲ್ಲಿ 4 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳಿದ್ದವು. ಕರೆಂಟಿನ ವೈರ್ ತೆಗೆದು, ಎರಡನ್ನೂ ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಎಷ್ಟೋ ಕಂಪ್ಯೂಟರುಗಳು ಇಷ್ಟಕ್ಕೇ ಸರಿಹೋಗಿದ್ದನ್ನು ಕಂಡಿದ್ದೇನೆ, ಇದು ಹೋಗಲಿಲ್ಲ. ಆಮೇಲೆ ಒಂದೊಂದೇ ಕಡ್ಡಿಯನ್ನು ಪ್ರತಿ ಸ್ಲಾಟಿಗೂ ಹಾಕಿ ಪರೀಕ್ಷಿಸಿದೆ. ಎರಡನೆಯದು ಯಾವ ಸ್ಲಾಟಿಗೆ ಹಾಕಿದರೂ ಕೆಂಪು ಸಾಲು ತೋರಿಸಿತು, ಹೀಗಾಗಿ ಮದರ್‌ಬೋರ್ಡಿನ ತಪ್ಪಲ್ಲವೆಂದು ಖಚಿತವಾಯಿತು.

ಹೊಸ ಕಡ್ಡಿ ಬರುವವರೆಗೆ ಒಂದು ವಾರ 4 ಜಿಬಿಯಲ್ಲೇ ಕೆಲಸ ನಡೆಸಿದೆ. ಬ್ರೌಸರ್ ಎತ್ತಿನಗಾಡಿಯಂತೆ ಸಾಗುತ್ತಿತ್ತು, ಆದರೆ ಒಮ್ಮೆಯೂ ಬೀಳಲಿಲ್ಲ. ಕೆಟ್ಟ ಕಡ್ಡಿ ನೋಡಲು ಒಳ್ಳೆಯದರಂತೆಯೇ ಇರುವುದರಿಂದ, ಮರೆತು ಮತ್ತೆಲ್ಲಾದರೂ ಹಾಕಿಬಿಡಬಾರದೆಂದು ಅದರ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಅಡ್ಡಗೆರೆ ಎಳೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ.